ಮಾನಪ್ಪನ ಹೊಟ್ಟೆ, ರೇಣಮ್ಮನ ಕುಬುಸ

ಗೇಟ್ ಮಾನಪ್ಪನಿಗೆ ಆರು ದಿನದಿಂದ ಹೊಟ್ಟೆ ಕಟ್ಟಿದೆ ಎಂಬ ಸಂಗತಿ ನಮ್ಮೂರಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಸ್ವತಃ ಮಾನಪ್ಪನಿಗೆ. ಅದು ಅಲ್ಲಿಗೇ ನಿಂತಿದ್ದರೆ ಅವನೊಬ್ಬನನ್ನು ಬಿಟ್ಟು ಇನ್ನಾರಿಗೂ ತೊಂದರೆ ಇರಲಿಲ್ಲ. ಆದರೆ ನಮ್ಮೂರಿನಲ್ಲಿ ಒಬ್ಬನ ಹೊಟ್ಟೆ ಒಬ್ಬನದಾಗಿ ಉಳಿಯುವುದಿಲ್ಲ. ಮುಂದಿನ ಐದು ತಿಂಗಳಲ್ಲಿ ಆ ಹೊಟ್ಟೆ ದವಾಖಾನೆಗೆ ಹೋಯಿತು, ಅಂಗನವಾಡಿಯ ರಜಿಸ್ಟರಿಗೆ ಹೋಯಿತು, ನೀರಾವರಿ ಇಲಾಖೆಯ ಜೀಪಿನಲ್ಲಿ ಊರೂರು ತಿರುಗಿತು, ಕೊನೆಗೆ ಅದರ ಹೆಸರಿನಲ್ಲಿ ಸುರಪುರದ ಕಡೆಯಿಂದ ಒಂದು ಟೆಂಪೋ ತುಂಬ ಸಾಮಾನು ಬಂತು. ನಡುವೆ ಒಂದು ಪತ್ರ ಬರೆದ ಪಾಪ ನನ್ನದು. ನಾನು ಇಲ್ಲಿಯ ಶಾಲೆಯ ಮಾಸ್ತರ. ಆದ್ದರಿಂದ ಈ ಕಥೆಯನ್ನು ನಾನೇ ಹೇಳಬೇಕು, ಬೇರೆಯವರು ಹೇಳಿದರೆ ನನ್ನ ಹೆಸರೂ ಕೆಡಿಸುತ್ತಾರೆ.

ನಾರಾಯಣಪುರದ ಕಾಲುವೆ ನಮ್ಮ ಹೊಲಗಳಿಗೆ ಬಂದು ಆಗ ಏಳು ವರ್ಷ. ಜೋಳ, ಸಜ್ಜೆ, ತೊಗರಿ ಬೆಳೆಯುತ್ತಿದ್ದ ಶಹಾಪುರದ ಕರಿ ನೆಲದಲ್ಲಿ ಭತ್ತದ ಗದ್ದೆಗಳು ಎದ್ದಿದ್ದವು. ಮಾನಪ್ಪ ಕುರಿ ಕಾಯುವವರ ಮನೆಯ ಮಗ, ದಿನಕ್ಕೆ ಹತ್ತು ಹನ್ನೆರಡು ಮೈಲು ನಡೆದು ಬೆಳೆದ ದೇಹ. ಅವನಿಗೆ ಮರಿಕಾಲುವೆಯ ಗೇಟು ತಿರುಗಿಸುವ ಕೆಲಸ ಸಿಕ್ಕಿತ್ತು. ಆ ವರ್ಷ ಯುಗಾದಿಗೆ ಕೆಲಸ ಕಾಯಂ ಆಯಿತು, ಖಾಕಿ ಅಂಗಿ ಬಂತು, ಕೂರಲು ಒಂದು ಸ್ಟೂಲೂ ಬಂತು. ಸ್ಟೂಲ್ ಬಂದ ದಿನ ಸಂಜೆ ಚಹಾದ ಹೋಟೆಲಿನ ಮುಂದೆ ನಿಂತು ಅವನು ಪ್ರತಿಜ್ಞೆ ಮಾಡಿದ.

"ನೀರು ನನ್ನ ಕೈಯಾಗ ಅದ. ನೀರಿನ ಮನುಷ್ಯಾ ನೀರಿನ ಬೆಳಿ ಉಣಬೇಕು. ರೊಟ್ಟಿ ಅಂದ್ರ ಮಳಿ ನಂಬಿದವರ ಊಟ. ಇವತ್ತಿನಿಂದ ನಮ್ಮ ಮನ್ಯಾಗ ಮೂರು ಹೊತ್ತು ಅನ್ನ."

ಅಂದಿನಿಂದ ಮೂರು ಹೊತ್ತು ಗಿರಣಿಯಲ್ಲಿ ಚೆನ್ನಾಗಿ ಪಾಲಿಶ್ ಮಾಡಿದ ಬಿಳಿ ಅನ್ನ, ಅದರ ಮೇಲೆ ತಿಳಿಯಾದ ಬೇಳೆ ಕಟ್ಟು. ಸೊಪ್ಪು ಮೇಕೆಗಳ ಊಟವಾಯಿತು. ಹಸಿ ಉಳ್ಳಾಗಡ್ಡಿ ಒಕ್ಕಲಿಗರ ಊಟವಾಯಿತು. ನೀರು ಕುಡಿಯುವುದೂ ಕಡಿಮೆಯಾಗಿ ಚಹಾ ಹೆಚ್ಚಾಯಿತು. ಹಗಲೆಲ್ಲ ಸಾವಿರಾರು ಎಕರೆಗೆ ನೀರು ಬಿಡುವ ಮನುಷ್ಯ ತನ್ನ ಗಂಟಲಿಗೆ ಎರಡು ತಂಬಿಗೆ ಬಿಡುತ್ತಿರಲಿಲ್ಲ. ಎರಡು ತಿಂಗಳಲ್ಲಿ ಹೊಟ್ಟೆ ತನ್ನ ಕೆಲಸ ನಿಧಾನ ಮಾಡಿತು, ಆಮೇಲೆ ಪೂರಾ ನಿಲ್ಲಿಸಿತು. ಮುಂಜಾನೆ ತಂಬಿಗೆ ಹಿಡಿದು ಹೊಲದ ಕಡೆ ಹೋದವನು ಹೋದ ಹಾಗೆಯೇ ಮರಳುತ್ತಿದ್ದ.

ಇನ್ನು ಅವನ ಹೆಂಡತಿ ರೇಣಮ್ಮ. ಆಕೆ ಗದ್ದೆಯಲ್ಲಿ ನಾಟಿಗೆ, ಕಳೆಗೆ ಕೂಲಿಗೆ ಹೋಗುತ್ತಿದ್ದಳು, ಗಂಡ ಉಂಡ ಮೇಲೆ ಬೋಗುಣಿಯ ತಳದಲ್ಲಿ ಉಳಿದ ಅನ್ನಕ್ಕೆ ಖಾರ ಕಲಸಿ ಉಣ್ಣುತ್ತಿದ್ದಳು, ಆಗಾಗ ಕಣ್ಣಿಗೆ ಕತ್ತಲೆ ಬಂದು ಬದುವಿನ ಮೇಲೆ ಕೂರುತ್ತಿದ್ದಳು. ಮದುವೆಯಾಗಿ ಇಪ್ಪತ್ತೊಂದು ವರ್ಷ, ಮಕ್ಕಳಿರಲಿಲ್ಲ. ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಬಗೆಬಗೆಯ ಊಟ ತಂದು ಉಡಿ ತುಂಬುತ್ತಾರೆ, ಅದಕ್ಕೆ ಕುಬುಸ ಎನ್ನುತ್ತೇವೆ. ಊರಿನ ಪ್ರತಿಯೊಂದು ಕುಬುಸಕ್ಕೂ ರೇಣಮ್ಮನಿಗೆ ಕರೆ ಬರುತ್ತಿತ್ತು, ಆದರೆ ಒಲೆಯ ಮುಂದಕ್ಕೆ. ಐವತ್ತು ಮಂದಿಗೆ ರೊಟ್ಟಿ ಬಡಿಯುವಳು ಆಕೆ. ಆರತಿಯ ಹೊತ್ತಿಗೆ ಊರಿನ ಕುಬುಸಗಳ ಯಜಮಾನತಿ ಹಣಮಮ್ಮ ತಪ್ಪದೆ ಒಂದು ಮಾತು ಹೇಳುವಳು. "ರೇಣವ್ವಾ, ನೀ ಒಳಗ ಹೋಗಿ ಸಾರು ನೋಡು." ರೇಣಮ್ಮ ಒಳಗೆ ಹೋಗುವಳು. ಸಾರು ಇಳಿಸಿ ಯಾವಾಗಲೋ ಆಗಿರುತ್ತಿತ್ತು, ನೋಡುವುದಕ್ಕೇನೂ ಇರುತ್ತಿರಲಿಲ್ಲ. ಮಕ್ಕಳಿಲ್ಲದವಳ ಕಣ್ಣು ಬಸುರಿಯ ಮೇಲೆ ಬೀಳಬಾರದೆಂಬ ಮಾತನ್ನು ಮುಖದ ಮೇಲೆ ಹೇಳಲಾಗದೆ ಸಾರಿನ ಮೇಲೆ ಹಾಕುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ನಾನೂ ಉಂಡು ಕೈ ತೊಳೆದು ಬರುತ್ತಿದ್ದೆ.

ಏಳನೆಯ ದಿನ ಮಾನಪ್ಪ ತಡೆಯಲಾರದೆ ದವಾಖಾನೆಗೆ ಹೋದ. ದವಾಖಾನೆ ಎಂದರೆ ಒಂದು ಕೋಣೆ, ಮಂಗಳವಾರಕ್ಕೊಮ್ಮೆ ಬರುವ ಸಿಸ್ಟರ್ ದೇವಕಮ್ಮ. ಏಳು ಊರು ಆಕೆಯ ಪಾಲಿಗೆ, ನಡೆದೇ ತಿರುಗಬೇಕು. ಎಲ್ಲರೂ ಹೋಗುವ ತನಕ ಮಾನಪ್ಪ ಬೇವಿನ ಗಿಡದ ಕೆಳಗೆ ನಿಂತಿದ್ದು ಕೊನೆಗೆ ಒಳಗೆ ಹೋದ.

"ಏನಾಗ್ಯಾದ್ರಿ ಮಾನಪ್ಪ?"

ಖಾಕಿ ಅಂಗಿ ತೊಟ್ಟ ಗಂಡಸು ಒಬ್ಬ ಹೆಂಗಸಿನ ಮುಂದೆ ಇಂಥ ಮಾತು ಹೇಗೆ ಆಡಬೇಕು? ಮಾನಪ್ಪನ ತಲೆಯಲ್ಲಿ ಆ ಕ್ಷಣಕ್ಕೆ ಒಂದು ಉಪಾಯ ಹೊಳೆಯಿತು. ಅವನ ಜೀವನದಲ್ಲಿ ತಕ್ಷಣ ಹೊಳೆದ ಉಪಾಯಗಳೆಲ್ಲ ಹೀಗೆಯೇ ಇರುತ್ತಿದ್ದವು.

"ನನಗಲ್ರಿ ಸಿಸ್ಟರ್. ಮನ್ಯಾಕಿಗೆ."

"ರೇಣಮ್ಮಗ? ಏನಂತಾಳ?"

"ಮುಂಜಾನೆದ್ದ ಕೂಡ್ಲೆ ವಾಕರಿಕಿ ಬರ್ತದಂತ್ರಿ. ಊಟ ಸೇರಂಗಿಲ್ಲ. ಹೊಟ್ಟಿ ಕಲ್ಲಾದಂಗ ಆಗ್ಯಾದ. ಕುಂತ್ರ ಏಳಾಕ ಆಗವಲ್ದು, ಎದ್ರ ಕುಂದ್ರಾಕ ಆಗವಲ್ದು."

"ಎಷ್ಟ ದಿನದಿಂದ?"

"ಶುರುವಾಗಿ ಎರಡು ತಿಂಗಳಾತ್ರಿ."

ದೇವಕಮ್ಮ ತಲೆ ಎತ್ತಿ ನೋಡಿದಳು. ಮಾನಪ್ಪ ನೆಲ ನೋಡುತ್ತಿದ್ದ, ಕಿವಿ ಕೆಂಪಾಗಿದ್ದವು. ಹದಿನೈದು ವರ್ಷದ ನೌಕರಿಯಲ್ಲಿ ಇಂಥ ಕಿವಿಗಳನ್ನು ಆಕೆ ಬೇಕಾದಷ್ಟು ನೋಡಿದ್ದಳು.

"ಮದುವ್ಯಾಗಿ ಎಷ್ಟು ವರ್ಷಾತ್ರಿ?"

ಹೊಟ್ಟೆ ಕಟ್ಟುವುದಕ್ಕೂ ಮದುವೆಗೂ ಏನು ಸಂಬಂಧ ಎಂದು ಮಾನಪ್ಪನಿಗೆ ಅನ್ನಿಸಿತು. ಆದರೆ ಅವನೂ ಸರಕಾರಿ ಮನುಷ್ಯ. ಸರಕಾರಿ ಕಾಗದ ಬೇಡದ್ದನ್ನೆಲ್ಲ ಕೇಳುತ್ತದೆ ಎಂಬ ತಿಳಿವಳಿಕೆ ಅವನಿಗಿತ್ತು.

"ಇಪ್ಪತ್ತೊಂದ್ರಿ."

"ಮೊದಲ ಎಂದಾದ್ರೂ ಹಿಂಗ ಆಗಿತ್ತೇನು?"

"ಎಂದೂ ಇಲ್ರಿ. ಇದೇ ಮೊದಲನೇದು."

ದೇವಕಮ್ಮನ ಕಣ್ಣು ಒದ್ದೆಯಾದವು. ಹೊಟ್ಟೆ ಕಟ್ಟಿದರೆ ಅಳುವಷ್ಟು ಕರುಣೆಯ ಸಿಸ್ಟರ್ ಇಡೀ ತಾಲೂಕಿನಲ್ಲಿ ಇನ್ನೊಬ್ಬಳಿಲ್ಲ ಎಂದು ಮಾನಪ್ಪ ಮನಸ್ಸಿನಲ್ಲೇ ಕೈಮುಗಿದ. "ಯಾರ ಮುಂದೂ ಆಡಬ್ಯಾಡ್ರಿ ಸಿಸ್ಟರ್, ಮರ್ಯಾದಿ ಪ್ರಶ್ನೆ ಅದ" ಎಂದ. "ನಾ ಯಾಕ ಆಡ್ಲಿ. ಇಂಥಾದ್ದು ಇಷ್ಟು ಲಗೂ ಯಾರೂ ಆಡಬಾರದು" ಎಂದಳು ಆಕೆ. ಅಚ್ಚು ಹಾಕಿದ ಕಾರ್ಡು ಮುಗಿದಿದ್ದವು. ಹಳೆಯ ಚೀಟಿಯೊಂದರ ಹಿಂದೆ ತನ್ನ ಕೈಯಲ್ಲೇ ಬರೆದುಕೊಟ್ಟಳು. ಎರಡು ಹೊತ್ತು ಜೋಳದ ಇಲ್ಲವೆ ಸಜ್ಜೆಯ ರೊಟ್ಟಿ. ದಿನಾ ಸೊಪ್ಪು, ಪುಂಡಿಯೋ ರಾಜಗಿರಿಯೋ ಯಾವುದಾದರೂ ಸರಿ. ಮೊಳಕೆ ಬಂದ ಹೆಸರು, ಒಂದು ಹಿಡಿ ಶೇಂಗಾ, ಮಜ್ಜಿಗೆ. ಹತ್ತು ತಂಬಿಗೆ ನೀರು. ಬರೀ ಬಿಳಿ ಅನ್ನ ಬೇಡ. ಮುಂಜಾನೆ ಸಂಜೆ ಸ್ವಲ್ಪ ನಡೆಯಬೇಕು. ಜೊತೆಗೆ ಒಂದು ಪೊಟ್ಟಣ ಕೆಂಪು ಗುಳಿಗೆ, ರಕ್ತ ಹೆಚ್ಚಲು. "ಮುಂದಿನ ಮಂಗಳವಾರ ಅಕಿನ್ನ ಕರಕೊಂಡು ಬರ್ರಿ" ಎಂದಳು. ಮಾನಪ್ಪ ಹೂಂ ಅಂದು ಹೊರಟ.

ದೇವಕಮ್ಮ ಮಾತಿಗೆ ತಪ್ಪುವವಳಲ್ಲ, ಒಬ್ಬರಿಗೆ ಮಾತ್ರ ಹೇಳಿದಳು. ಅಂಗನವಾಡಿಯಿಂದ ಬಸುರಿಯರಿಗೆ ಕೊಡುವ ಕಾಳುಕಡಿ ಕೊಡಿಸಬೇಕಾದರೆ ಅಲ್ಲಿ ಅಡುಗೆ ಮಾಡುವವಳಿಗೆ ಹೇಳಲೇಬೇಕು. ಅಲ್ಲಿ ಅಡುಗೆ ಮಾಡುವವಳು ಹಣಮಮ್ಮ. ಹಣಮಮ್ಮನೂ ಎಲ್ಲರಿಗೆ ಹೇಳಲಿಲ್ಲ, ಗುಟ್ಟು ಕಾಯುವ ನಂಬಿಕಸ್ತರಿಗೆ ಮಾತ್ರ ಹೇಳಿದಳು. ನಮ್ಮೂರಿನಲ್ಲಿ ಆಕೆಗೆ ನಂಬಿಕೆ ಇಲ್ಲದವರು ಯಾರೂ ಇರಲಿಲ್ಲ. ಹೀಗೆ ವಾರದೊಳಗೆ ಊರಿಗೆಲ್ಲ ಗೊತ್ತಾಯಿತು, ಮತ್ತು ಯಾರೂ ಬಾಯಿ ಬಿಡಲಿಲ್ಲ. ಬಹಳ ವರ್ಷ ಕಾಯ್ದು ನಿಂತ ಬಸುರನ್ನು ಬಾಯಲ್ಲಿ ಆಡಿದರೆ ದೃಷ್ಟಿ ತಾಗುತ್ತದೆ, ಕುಬುಸದ ತನಕ ಬಸುರಿಯ ಮುಂದೆ ಕೂಡ ಹೆಸರೆತ್ತಬಾರದು ಎಂಬುದು ಇಲ್ಲಿಯ ಕಟ್ಟುನಿಟ್ಟು. ಹಣಮಮ್ಮ ಆ ಕಟ್ಟುನಿಟ್ಟನ್ನು ಇಡೀ ಊರಿಗೆ ಹಾಕಿದಳು. ನಮ್ಮೂರು ಒಂದು ಗುಟ್ಟನ್ನು ಐದು ತಿಂಗಳು ಕಾಪಾಡಿದ್ದು ಅದೊಂದೇ ಸಲ, ಅದೂ ಇಲ್ಲದ ಗುಟ್ಟು.

ಇತ್ತ ಮಾನಪ್ಪ ಮೊದಲು ಕೆಂಪು ಗುಳಿಗೆಯಿಂದ ಶುರು ಮಾಡಿದ. ಕಬ್ಬಿಣದ ಗುಳಿಗೆ ಹೊಟ್ಟೆಯನ್ನು ಇನ್ನಷ್ಟು ಕಟ್ಟುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾಲ್ಕು ನುಂಗಿದ ಮೇಲೆ, ಬಂದಾದ ಗೇಟಿಗೆ ಹಿಂದಿನಿಂದ ಒಡ್ಡು ಬೇರೆ ಕಟ್ಟಿದಂತಾಯಿತು. ಆದರೆ ಸರಕಾರದ ಗುಳಿಗೆ ಎಸೆಯಬಾರದು. ಉಳಿದದ್ದನ್ನು ರೇಣಮ್ಮನಿಗೆ ಕೊಟ್ಟು, "ಶಕ್ತಿ ಗುಳಗಿ, ಇಲಾಖೆಯವರು ಕೊಟ್ಟಾರ, ದಿನಾ ಒಂದು ನುಂಗು" ಎಂದ. ಗಂಡ ಮದುವೆಯಾದಾಗಿನಿಂದ ತನ್ನ ಕೈಯಾರೆ ಕೊಟ್ಟ ಮೊದಲ ವಸ್ತು ಎಂದು ರೇಣಮ್ಮ ಅದನ್ನು ತಪ್ಪದೆ ನುಂಗಿದಳು.

ಊಟದ ಮಾತು ಕಠಿಣವಾಗಿತ್ತು. ರೊಟ್ಟಿ ಬಿಟ್ಟೆನೆಂದು ಹೋಟೆಲಿನ ಮುಂದೆ ಸಾರಿದವನು ಮನೆಯಲ್ಲಿ ರೊಟ್ಟಿ ಕೇಳುವುದು ಹೇಗೆ? ಅದಕ್ಕೂ ಉಪಾಯ ಹೊಳೆಯಿತು. ಕಾಲುವೆ ದಂಡೆಯ ಮೇಲೆ ದಿನಾ ಕುರಿ ಹೊಡೆದುಕೊಂಡು ಬರುವ ಮಲ್ಕಪ್ಪ ಅವನ ದೂರದ ದಾಯಾದಿ. ಮಲ್ಕಪ್ಪನ ಬುತ್ತಿಯಲ್ಲಿ ನಾಲ್ಕು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಮಾನಪ್ಪನ ಡಬ್ಬಿಯಲ್ಲಿ ಬಿಳಿ ಅನ್ನ. ಗೇಟಿನ ಗುಡಿಸಿಲಿನೊಳಗೆ ಇಬ್ಬರೂ ಬುತ್ತಿ ಬದಲಾಯಿಸಿಕೊಂಡರು. ಚೀಟಿಯನ್ನು ಮಾನಪ್ಪ ನೀರಿನ ಮಟ್ಟ ಬರೆಯುವ ಹಲಗೆಯ ಪಕ್ಕದಲ್ಲೇ ಅಂಟಿಸಿದ, ಅದರ ಪ್ರಕಾರ ನೀರು ಕುಡಿದ, ದಂಡೆಯ ಮೇಲೆ ಮುಂಜಾನೆ ಸಂಜೆ ನಡೆದ.

ಒಂಬತ್ತನೆಯ ದಿನ ಮುಂಜಾನೆ ಅವನು ಹೊಲದ ಕಡೆಯಿಂದ ಹಾಡು ಗುನುಗುತ್ತ ಬಂದ. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಿತು ಎಂದಷ್ಟೇ ಹೇಳಿ ನಾನು ಮುಂದೆ ಹೋಗುತ್ತೇನೆ. ಮಲ್ಕಪ್ಪನ ಗತಿ ಮಾತ್ರ ಕೆಟ್ಟಿತು. ಬಿಳಿ ಅನ್ನದ ಆಸೆಗೆ ಬಿದ್ದ ಅವನು ಹದಿನೈದು ದಿನದಲ್ಲಿ ಕುರಿಗಳ ಹಿಂದೆ ಇರುವುದಕ್ಕಿಂತ ಜಾಲಿ ಗಿಡದ ಹಿಂದೆ ಹೆಚ್ಚು ಹೊತ್ತು ಇರತೊಡಗಿದ. "ಮಾನಪ್ಪ, ನಿನ್ನ ಊಟ ನೀ ಉಣ್ಣು, ನನ್ನ ರೊಟ್ಟಿ ನನಗ ಕೊಡು" ಎಂದ. ಕೊನೆಗೆ ಅನ್ನವನ್ನು ಇಬ್ಬರೂ ಅರ್ಧರ್ಧ ತಿನ್ನುವುದು, ಮಲ್ಕಪ್ಪನ ಮನೆಯಿಂದ ಎರಡು ರೊಟ್ಟಿ ಹೆಚ್ಚು ತರುವುದು ಎಂದು ರಾಜಿಯಾಯಿತು.

ಇನ್ನು ರೇಣಮ್ಮನ ಅಂಗಳಕ್ಕೆ ಬರೋಣ. ಒಂದು ದಿನ ಬಾವಿಯ ಹತ್ತಿರ ಹಣಮಮ್ಮ ಓಡಿ ಬಂದು ಆಕೆಯ ತಲೆಯ ಮೇಲಿನ ಕೊಡ ಇಳಿಸಿಕೊಂಡಳು. ಇನ್ನೊಂದು ದಿನ ಸೆರಗಿನಲ್ಲಿ ಮುಚ್ಚಿ ಶೇಂಗಾ ಉಂಡಿ ತಂದಳು. ಆಮೇಲೆ ಹೆಸರುಕಾಳು, ಬೆಲ್ಲ, ಒಂದು ಗಿಂಡಿ ಹಾಲು. ಊರಿನ ಉಳಿದ ಹೆಂಗಸರೂ ಶುರು ಹಚ್ಚಿದರು. ಒಬ್ಬರು ರಾಜಗಿರಿ ಪಲ್ಯ, ಒಬ್ಬರು ಮೊಸರು, ಒಬ್ಬರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಎಲ್ಲರೂ ಎದುರಿಗೆ ಕೂತು ಉಣ್ಣಿಸಿಯೇ ಏಳುವರು. ರೇಣಮ್ಮ ದಡ್ಡಿಯಲ್ಲ. ಹಣಮಮ್ಮನ ಎರಡು ಎಕರೆ ಗದ್ದೆ ಮರಿಕಾಲುವೆಯ ಕಟ್ಟಕಡೆಗಿದೆ, ಅಲ್ಲಿಗೆ ನೀರು ಮುಟ್ಟುವುದು ಕಷ್ಟ. ಇದು ನೀರಿನ ಆಸೆ ಎಂದು ಆಕೆ ತಕ್ಷಣ ತಿಳಿದಳು.

"ಹಣಮಕ್ಕ, ನೀ ಎಷ್ಟು ತಂದ್ರೂ ಅಷ್ಟಾ. ಮ್ಯಾಲಿಂದ ಬಂದಾಗ ಬರ್ತದ, ನಾವು ಕೈ ಮಾಡಿ ಕರದ್ರ ಬರ್ತದೇನು?"

ಹಣಮಮ್ಮ ಆಕಾಶಕ್ಕೆ ಕೈ ಮುಗಿದಳು. "ಖರೇ ಅಂದಿ ಯವ್ವಾ. ಇಷ್ಟು ವರ್ಷ ಕಾದಿ, ಈಗ ಬಂತಲ್ಲ. ಉಣ್ಣು."

ರೇಣಮ್ಮ ಗಂಡನಿಗೂ ಹೇಳಿದಳು. "ಹೆಣಮಕ್ಕಳು ದಿನಾ ತಂದು ಸುರೀಲಿಕತ್ತಾರ. ನೀರು ಕೇಳ್ತಾರ ನೋಡ್ರಿ." ಮಾನಪ್ಪ ಎದೆ ಉಬ್ಬಿಸಿದ. "ತಂದ್ರ ತಿನ್ನು. ಗೇಟು ಮಾತ್ರ ಟೈಮಿಗೇ." ರೇಣಮ್ಮ ತಿಂದಳು. ಹುಟ್ಟಿದಾಗಿನಿಂದ ಬಿಸಿ ಊಟ ಎಲ್ಲರಿಗಿಂತ ಮುಂಚೆ ತನ್ನ ಮುಂದೆ ಬಂದದ್ದು ಅದೇ ಮೊದಲು. ಮೂರು ತಿಂಗಳಲ್ಲಿ ಕಣ್ಣಿಗೆ ಕತ್ತಲೆ ಬರುವುದು ನಿಂತಿತು, ಕೆನ್ನೆ ತುಂಬಿದವು, ಸೊಂಟ ಸ್ವಲ್ಪ ಅಗಲವಾಯಿತು. ಸಂಶಯವಿದ್ದ ಇಬ್ಬರು ಮೂವರ ಸಂಶಯವೂ ಅದನ್ನು ನೋಡಿ ಹೋಯಿತು.

ಪ್ರತಿ ಮಂಗಳವಾರ ದೇವಕಮ್ಮ ಮನೆಗೆ ಹೋದರೆ ಬೀಗ, ರೇಣಮ್ಮ ಗದ್ದೆಯಲ್ಲಿ. ಮಾನಪ್ಪನನ್ನು ಹಿಡಿದು ಕೇಳಿದರೆ, "ನಾಚಗೊಳ್ತಾಳ್ರಿ ಸಿಸ್ಟರ್" ಎಂಬ ಒಂದೇ ಉತ್ತರ. ಸೋತು ಆಕೆ, "ತೂಕ ಆದ್ರೂ ನೋಡಿ ಬಂದು ಹೇಳ್ರಿ" ಎಂದಳು. ಮಾನಪ್ಪ ಶಹಾಪುರಕ್ಕೆ ಹೋದಾಗ ಕಾಳಿನ ಅಂಗಡಿಯ ತಕ್ಕಡಿಯ ಮೇಲೆ ಪ್ರಾಮಾಣಿಕವಾಗಿ ನಿಂತು ತನ್ನ ತೂಕ ನೋಡಿ ಬಂದು ಹೇಳಿದ.

"ಎಪ್ಪತ್ತೆಂಟು ಕಿಲೋ ಅದ್ರಿ."

"ರೇಣಮ್ಮ? ಎಪ್ಪತ್ತೆಂಟು?"

"ಬರೋಬ್ಬರಿ ಎಪ್ಪತ್ತೆಂಟು. ಚಪ್ಪಲಿ ಬಿಟ್ಟು."

ತಕ್ಕಡಿ ಕೆಟ್ಟಿರಬೇಕು ಎಂದು ದೇವಕಮ್ಮ ಹೇಳಿದಳು. ಹಣಮಮ್ಮ ಒಪ್ಪಲಿಲ್ಲ. "ತಕ್ಕಡಿ ಕೆಟ್ಟಿಲ್ಲ. ಎರಡು ಅವ" ಎಂದಳು. ಸಂಜೆಯೊಳಗೆ ಊರು ಅವಳಿ ಮಕ್ಕಳಿಗೆ ಸಿದ್ಧವಾಯಿತು, ಮತ್ತು ಯಾರೂ ಬಾಯಿ ಬಿಡಲಿಲ್ಲ.

ದೀಪಾವಳಿಯ ಹೊತ್ತಿಗೆ ಗೇಟಿನ ತಪಾಸಣೆಗೆ ಇಂಜಿನಿಯರ್ ಸಾಹೇಬರು ಬಂದರು. ಮೈಸೂರಿನ ಕಡೆಯವರು, ಮೃದು ಮನುಷ್ಯ. ನೀರಿನ ಹಲಗೆ ನೋಡಿದರು, ಪಕ್ಕದ ಚೀಟಿ ನೋಡಿದರು, ಮಾನಪ್ಪನ ಬೆನ್ನು ತಟ್ಟಿದರು.

"ನಮ್ಮ ಜೀಪಿನ ಡ್ರೈವರ್ ಹೇಳಿದ ಕಣಯ್ಯ. ಬಹಳ ಸಂತೋಷ."

ಮಾನಪ್ಪ ಖಾಕಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ತನ್ನ ಹೊಟ್ಟೆಯ ಸಂಗತಿ ಇಲಾಖೆಯ ತನಕ ಹೋಗಿದೆ. ಆದರೂ ಸಾಹೇಬರು ಸಂತೋಷಪಟ್ಟಿದ್ದಾರೆ.

"ಭಾಳ ತ್ರಾಸ್ ಆಗಿತ್ರಿ ಸಾಹೇಬ್ರ. ಈಗ ಸಲೀಸ ಆಗ್ಯಾದ."

"ಇದರಲ್ಲಿ ಮುಚ್ಚಿಡೋದೇನಿದೆ? ನಮಗೂ ಎಂಟು ವರ್ಷ ಆಗಿರಲಿಲ್ಲ."

"ಎಂಟು ವರ್ಷ್ರಿ?"

"ಎಂಟು ವರ್ಷ. ಎಲ್ಲ ಡಾಕ್ಟರ ಹತ್ತಿರ ಹೋಗಿ ಬಂದೆವು. ಹರಕೆ ಹೊತ್ತ ಮೇಲೆ ಆಯಿತು."

ಮಾನಪ್ಪ ಸಾಹೇಬರ ಹೊಟ್ಟೆಯನ್ನು ಭಕ್ತಿಯಿಂದ ನೋಡಿದ. ಅವನ ಎರಡು ತಿಂಗಳು ಎಲ್ಲಿ, ಈ ಎಂಟು ವರ್ಷ ಎಲ್ಲಿ. ದೊಡ್ಡ ಹುದ್ದೆಯವರ ಕಷ್ಟವೂ ದೊಡ್ಡದೇ. "ಜ್ವಾಳದ ರೊಟ್ಟಿ, ಪುಂಡಿಪಲ್ಯ ಉಣ್ರಿ ಸಾಹೇಬ್ರ, ಮತ್ತ ಎಂದೂ ಹಂಗ ಆಗಂಗಿಲ್ಲ" ಎಂದ. ಸಾಹೇಬರಿಗೆ ಏನೂ ತಿಳಿಯಲಿಲ್ಲ, ಆದರೂ ಬೇಕಾದಾಗ ರಜೆ ತೆಗೆದುಕೋ ಎಂದು ಹೇಳಿ ಹೋದರು.

ಏಳನೆಯ ತಿಂಗಳು ಹತ್ತಿರ ಬಂತೆಂದು ಲೆಕ್ಕ ಹಾಕಿದ ಹಣಮಮ್ಮ ನನ್ನ ಮನೆಗೆ ಬಂದಳು. ರೇಣಮ್ಮನ ಅಣ್ಣ ಖಂಡಪ್ಪ ಸುರಪುರದ ಆಚೆ ಒಂದು ಹಳ್ಳಿಯಲ್ಲಿರುತ್ತಾನೆ. ತಂಗಿಯ ಮನೆಗೆ ಬಂದು ಹತ್ತೊಂಬತ್ತು ವರ್ಷ. ಜಗಳವೇನೂ ಇಲ್ಲ. ತವರಿನವರು ಬರುವುದು ಕುಬುಸಕ್ಕೆ, ತೊಟ್ಟಿಲಿಗೆ, ಮಗುವಿನ ಕೂದಲು ತೆಗೆಸುವ ಜವಳಕ್ಕೆ. ಒಂದೂ ಇಲ್ಲದ ಮನೆಗೆ ಯಾವ ನೆಪ ಹೇಳಿ ಬರುವುದೆಂದು ಮೊದಲು ಸಂಕೋಚಪಟ್ಟ, ಆಮೇಲೆ ರೂಢಿಯಾಯಿತು. "ಮಾಸ್ತರ, ಅವನಿಗೊಂದು ಕಾಗದ ಬರೀರಿ. ಬಿಡಿಸಿ ಬರೀಬ್ಯಾಡ್ರಿ, ದೃಷ್ಟಿ ಆಗ್ತದ" ಎಂದಳು ಹಣಮಮ್ಮ. ನಾನು ಬರೆದೆ. ತಂಗಿಗೆ ಹಸಿರು ಸೀರೆ ಉಡಿಸುವ ಯೋಗ ಕೂಡಿ ಬಂದಿದೆ, ತಿಳಿದವರು ಎರಡರ ಮಾತು ಆಡುತ್ತಾರೆ ಎಂದು ಚೆಂದದ ಅಕ್ಷರದಲ್ಲಿ ಬರೆದೆ. ನನ್ನ ಮನೆಯಿಂದ ಮಾನಪ್ಪನ ಮನೆಗೆ ನಲವತ್ತು ಹೆಜ್ಜೆ. ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅದಕ್ಕೇ ಪಾಪ ಎಂದೆ.

ಭಾನುವಾರ ಹನ್ನೊಂದರ ಸುಮಾರಿಗೆ ಟೆಂಪೋ ಬಂತು. ಮೊದಲು ಖಂಡಪ್ಪ ಇಳಿದ, ಆಮೇಲೆ ಅವನ ಹೆಂಡತಿ, ಆಮೇಲೆ ಬುಟ್ಟಿಗಳು. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕರ್ಚಿಕಾಯಿ, ಮಾದಲಿ, ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಒಂದು ದೊಡ್ಡ ಬೋಗುಣಿ ಸಾರು. ಎಲ್ಲದರ ಕೊನೆಗೆ ಎರಡು ತೊಟ್ಟಿಲು. ಕುಬುಸಕ್ಕೆ ತೊಟ್ಟಿಲು ತರುವ ಪದ್ಧತಿ ಎಲ್ಲೂ ಇಲ್ಲ, ಹಣಮಮ್ಮ ಅಲ್ಲೇ ಬೈದಳು. ಆದರೆ ಹತ್ತೊಂಬತ್ತು ವರ್ಷ ಬರಿಗೈಯಲ್ಲಿ ಕೂತಿದ್ದ ಮನುಷ್ಯ, ಕೈ ತಡೆಯಲಿಲ್ಲ. ಸಾರಿನ ಬೋಗುಣಿ ಒಳಗಿಟ್ಟು ಅಂಗಳದಲ್ಲಿ ಕಂಬಳಿ ಹಾಸಿದರು. ಹಸಿರು ಬಳೆ ಇಡಿಸಲು ಬಳೆಗಾರ್ತಿ ಖಾಜಾಬೀ ಬುಟ್ಟಿಯೊಡನೆ ಬಂದು ಕೂತಳು. ಇವತ್ತಾದರೂ ಕೈಗೆ ಸಿಗುತ್ತಾಳೆಂದು ದೇವಕಮ್ಮ ಭಾನುವಾರವೆಂದೂ ನೋಡದೆ ಹಾಜರಾದಳು.

ರೇಣಮ್ಮ ಗದ್ದೆಯಿಂದ ಕೆಸರುಗಾಲಲ್ಲಿ ಬಂದಳು. ಅಂಗಳದ ತುಂಬ ಮಂದಿ, ನಡುವೆ ಅಣ್ಣ. 

"ಅಣ್ಣಾ, ಯಾರರ ತೀರಿಕೊಂಡ್ರೇನು?"

ಖಂಡಪ್ಪ ಅಳತೊಡಗಿದ. ಹಣಮಮ್ಮ ಆಕೆಯ ಭುಜ ಹಿಡಿದು ಕಂಬಳಿಯ ಕಡೆ ತಿರುಗಿಸಿದಳು. "ಒಳ್ಳೇದಕ್ಕ ಬಂದಾರ, ಅಳಬ್ಯಾಡ. ಕುಂದ್ರು. ಏಳು ತಿಂಗಳು ತುಂಬ್ಯಾವ, ಇನ್ನೇನು ಮುಚ್ಚಿಡೂದು."

"ಯಾರಿಗಿ ಏಳು ತಿಂಗಳು?"

 ಅಷ್ಟರಲ್ಲಿ ಗೇಟಿನ ಕಡೆಯಿಂದ ಮಾನಪ್ಪ ಮತ್ತು ಮಲ್ಕಪ್ಪ ಬಂದರು. ದೇವಕಮ್ಮ ನೇರವಾಗಿ ಕೇಳಿದಳು.

"ಮಾನಪ್ಪ, ನೀವಾ ಬಂದು ಹೇಳಿದ್ರಲ್ರಿ. ವಾಕರಿಕಿ, ಹೊಟ್ಟಿ ಕಲ್ಲಾಗ್ಯಾದ, ಎರಡು ತಿಂಗಳಾತು ಅಂತ."

"ಅದು ಹೊಟ್ಟಿ ಕಟ್ಟಿತ್ರಿ ಸಿಸ್ಟರ್."

"ಯಾರಿಗಿ ಕಟ್ಟಿತ್ತು?"

ಮಾನಪ್ಪ ಕಂಬಳಿ ನೋಡಿದ, ಬುಟ್ಟಿ ನೋಡಿದ, ಎರಡು ತೊಟ್ಟಿಲು ನೋಡಿದ. ಐದು ತಿಂಗಳ ಸಂಗತಿಗಳೆಲ್ಲ ಅವನಿಗೆ ಒಮ್ಮೆಲೇ ಅರ್ಥವಾದವು, ಸಾಹೇಬರ ಎಂಟು ವರ್ಷ ಕೂಡ.

"ನನಗ. ಹೇಳಾಕ ನಾಚಿಕಿ ಬಂತು. ಅಕಿ ಹೆಸರು ಹೇಳಿದೆ."

"ಮತ್ತ ಎಪ್ಪತ್ತೆಂಟು ಕಿಲೋ?"

"ಅದೂ ನಂದೇ."

ಮೊದಲು ಮಲ್ಕಪ್ಪ ನಕ್ಕ. ಆಮೇಲೆ ಇಡೀ ಅಂಗಳ ನಕ್ಕಿತು, ಗೋಡೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ನಗುತ್ತ ನಗುತ್ತ ಒಬ್ಬೊಬ್ಬರ ಕಣ್ಣು ರೇಣಮ್ಮನ ಮೇಲೆ ಬಿತ್ತು, ಒಬ್ಬೊಬ್ಬರ ನಗೆಯೂ ನಿಂತಿತು. ಆಕೆ ಕಂಬಳಿಯ ಅಂಚಿನಲ್ಲಿ ನಿಂತಿದ್ದಳು, ಕಾಲಿನ ಕೆಸರು ಒಣಗುತ್ತಿತ್ತು. ಐದು ತಿಂಗಳ ಉಂಡಿ, ಹಾಲು, ಇಳಿಸಿಕೊಂಡ ಕೊಡಗಳು ಯಾರಿಗಾಗಿ ಬಂದಿದ್ದವೆಂದು ಆಕೆ ಈಗ ಲೆಕ್ಕ ಹಾಕುತ್ತಿದ್ದಳು. ಮಾನಪ್ಪನನ್ನು ಎಳೆದು ಎರಡು ಬಿಡಬೇಕೆಂದು ನನಗೆ ಅನ್ನಿಸಿತು.

ಹಣಮಮ್ಮ ಎದ್ದು ಹಸಿರು ಸೀರೆ ಮಡಚತೊಡಗಿದಳು. "ಎಲ್ಲಾ ಕಟ್ರಿ. ಹಸರ ಸೀರಿ ಬರೀ ಹೊಟ್ಟಿಗಿ ಉಡಸಬಾರದು, ಉಡಿ ಮುಟ್ಟಸಬಾರದು. ಬಂದವರು ಉಂಡು ಹೋಗ್ಲಿ." ಆಮೇಲೆ ಇಪ್ಪತ್ತೊಂದು ವರ್ಷದ ರೂಢಿಯ ಮಾತು ತಾನಾಗಿಯೇ ಬಾಯಿಂದ ಬಂತು. "ರೇಣವ್ವಾ, ನೀ ಒಳಗ ಹೋಗಿ ಸಾರು ನೋಡು."

ರೇಣಮ್ಮ ಸೀರೆಯ ಇನ್ನೊಂದು ತುದಿ ಹಿಡಿದಳು.

"ನೋಡಂಗಿಲ್ಲ."

"ಏನಂದಿ?"

"ಸಾರು ನೋಡಂಗಿಲ್ಲ ಅಂದೆ. ಇಪ್ಪತ್ತೊಂದು ವರ್ಷ ನೋಡೀನಿ. ಅದು ಇಟ್ಟಲ್ಲೇ ಇರ್ತದ, ಎಲ್ಲೂ ಓಡಿ ಹೋಗಂಗಿಲ್ಲ." ಆಕೆಯ ದನಿ ಎತ್ತರವಾಗಲಿಲ್ಲ. ಸೀರೆ ಎಳೆದುಕೊಂಡು ಹೆಗಲ ಮೇಲೆ ಹಾಕಿಕೊಂಡಳು, ಕೆಸರುಗಾಲಲ್ಲೇ ಹೋಗಿ ಕಂಬಳಿಯ ನಡುವೆ ಕೂತಳು. "ಹೊಟ್ಟ್ಯಾಗ ಏನೂ ಇಲ್ಲ ಅಂತೀರಿ. ಖರೇ ಅದ, ಏನೂ ಇಲ್ಲ. ಖಾಲಿ ಹೊಟ್ಟಿಗಿ ಅಲ್ಲೇನು ಊಟ ಹಾಕೂದು? ನಮ್ಮಣ್ಣ ಹತ್ತೊಂಬತ್ತು ವರ್ಷಕ್ಕ ಬುತ್ತಿ ತಂದಾನ. ನಂದು ಅದು. ಬಸುರಾದಾಕಿಗೆ ಅಷ್ಟಾ ಹಸಿವಿ ಆಗ್ತದೇನು?"

ಯಾರೂ ಮುಂದೆ ಬರಲಿಲ್ಲ. ಆಗ ಖಾಜಾಬೀ ಬುಟ್ಟಿ ಎಳೆದುಕೊಂಡು ಕಂಬಳಿಯ ಹತ್ತಿರ ಸರಿದು ರೇಣಮ್ಮನ ಮುಂಗೈ ಹಿಡಿದಳು. "ನಾ ಕೈ ನೋಡಿ ಬಳಿ ಇಡಸಾಕಿ, ಹೊಟ್ಟಿ ನೋಡಿ ಅಲ್ಲ" ಎಂದು ಹಸಿರು ಬಳೆ ಒಂದೊಂದಾಗಿ ಏರಿಸಿದಳು. ದೇವಕಮ್ಮ ಆಕೆಯ ಕೆಳಗಿನ ಕಣ್ಣೆವೆ ಎಳೆದು ನೋಡಿದಳು. "ರಕ್ತ ಚಲೋ ಅದ. ಹಿಂಗಾ ಉಣಕೋತ ಇರು, ಯಾರು ಏನಂದ್ರೂ ಬಿಡಬ್ಯಾಡ" ಎಂದು ಅರಿಷಿಣ ತೆಗೆದು ಕೆನ್ನೆಗೆ ಹಚ್ಚಿದಳು. ಖಂಡಪ್ಪ ಕಣ್ಣೊರೆಸಿಕೊಂಡು ಕೇಳಿದ. "ತಂಗೀ, ತೊಟ್ಟಿಲು ವಾಪಸ್ ಒಯ್ಯಲೇನು?"

"ಯಾಕ ಒಯ್ತಿ? ಒಂದರಾಗ ರೊಟ್ಟಿ ಇಡ್ತೀನಿ, ಒಂದರಾಗ ಶೇಂಗಾ." ಗಂಡನ ಕಡೆ ತಿರುಗಿದಳು. "ನೀವೂ ಬರ್ರಿ ಇಲ್ಲಿ. ಕುಂದ್ರರಿ ಬಾಜೂಕ. ಗುಡಸಲ್ಯಾಗ ಕದ್ದು ತಿಂದದ್ದು ಸಾಕು, ಇವರೆಲ್ಲರ ಮುಂದ ರೊಟ್ಟಿ ತಿನ್ರಿ. ನಿಮ್ಮ ಹೊಟ್ಟಿ ನಿಮ್ಮ ಹೆಸರಿಗೇ ಇರ್ಲಿ."

ಮಾನಪ್ಪ ಖಾಕಿ ಅಂಗಿಯಲ್ಲೇ ಬಂದು ಹೆಂಡತಿಯ ಪಕ್ಕ ಕೂತ. ಕುಬುಸದ ಕಂಬಳಿಯ ಮೇಲೆ ಕೂತ ಮೊದಲ ಗಂಡಸು ಅವನೇ ಇರಬೇಕು. ಪ್ರತಿಜ್ಞೆ ಮಾಡಿದ ಬಾಯಿಂದಲೇ ರೊಟ್ಟಿ ಮುರಿದು ತಿಂದ, ತಲೆ ತಗ್ಗಿಸಿ, ಆದರೆ ಮೂರು ತಿಂದ.

ಹಣಮಮ್ಮ ಮಾತ್ರ ಬಾಗಿಲ ಹತ್ತಿರ ನಿಂತೇ ಇದ್ದಳು. ರೇಣಮ್ಮ ಆಕೆಯನ್ನು ಹೆಸರು ಹಿಡಿದು ಕರೆದಳು.

"ಹಣಮಕ್ಕ. ನಿನ್ನ ಮೂರು ಸೊಸ್ತ್ಯಾರ ಕುಬುಸಕ್ಕ ರೊಟ್ಟಿ ಬಡದಾಕಿ ನಾನು. ಇವತ್ತ ನೀ ಒಳಗ ಹೋಗಿ ಸಾರು ನೋಡು."

ಹಣಮಮ್ಮ ಸುತ್ತ ನೋಡಿದಳು.  ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.  ಒಳಗೆ ನೋಡುವುದಕ್ಕೇನೂ ಇರುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೇನೆ, ಅದನ್ನು ಆಕೆ ಅಂದು ತಾನೇ ನಿಂತು ನೋಡಿದಳು. ಹೊರಗೆ ಬಂದಾಗ ಕೈಯಲ್ಲಿ ಸಾರಿನ ಬೋಗುಣಿ ಇತ್ತು, ಕಣ್ಣು ಕೆಂಪಾಗಿದ್ದವು. ನೇರವಾಗಿ ಕಂಬಳಿಯ ಹತ್ತಿರ ಬಂದು ಬಗ್ಗಿ ರೇಣಮ್ಮನ ತಾಟಿಗೆ ಒಂದು ಸೌಟು ಹಾಕಿದಳು.

"ಇನ್ನಷ್ಟು ಹಾಕಲೇನವ್ವಾ?" ಎಂದು ಮೆಲ್ಲಗೆ ಕೇಳಿದಳು.

ರೇಣಮ್ಮ ತಾಟು ಮುಂದೆ ಸರಿಸಿದಳು. "ಹಾಕು ಅಕ್ಕಾ. ನಂದಿನ್ನ ಈಗ ಶುರುವಾಗ್ಯಾದ."